ಅಜ್ಜನ ಮಡಚುವ ಚಾಕು, ಕೊಡಗಿನ ಮಳೆಗಾಲ

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ಸೋಮವಾರಪೇಟೆ ಬಳಿಯ ನಮ್ಮ ಕಾಫಿ ತೋಟಕ್ಕೆ ಮರಳಿದ್ದೇನೆ. ಅಜ್ಜನ ಬೀರುವಿನಲ್ಲಿ ಒಂದು ಹಳೆಯ ಮಡಚುವ ಚಾಕು ಸಿಕ್ಕಿದೆ. ದೊಡ್ಡದೊಂದು, ಚಿಕ್ಕದೊಂದು ಅಲಗು. ಕೊಂಬಿನಂತೆ ಕಾಣುವ ಹಿಡಿ. ದೊಡ್ಡ ಅಲಗಿನ ಬುಡದಲ್ಲಿ ‘ಶೆಫೀಲ್ಡ್’ ಎಂಬ ಅಕ್ಷರಗಳು ಮಸುಕಾಗಿ ಕಾಣುತ್ತವೆ. ಅಲಗು ಕಪ್ಪಾಗಿದೆ, ಅಲ್ಲಲ್ಲಿ ಕೆಂಪು ತುಕ್ಕಿದೆ, ತೆರೆಯಲು ಬಹಳ ಬಿಗಿ. ಇದನ್ನು ದಿನವೂ ಜೇಬಿನಲ್ಲಿಟ್ಟುಕೊಂಡು ತೋಟದಲ್ಲಿ ಬಳಸಬಹುದೇ? ಲೈಸೆನ್ಸ್ ಬೇಕೇ? ಲಾಕ್ ಇಲ್ಲದಿರುವುದು ಅಪಾಯವಲ್ಲವೇ? ಹೊಳಪು ಬರಿಸಲು ಗ್ರೈಂಡರಿಗೆ ಕೊಡಲೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಮುಂದಿನ ಸಂತೆಗೆ ಹೋಗುವ ಮುನ್ನವೇ ನೀವು ಇದನ್ನು ಓದಿರಬೇಕು. ದಯವಿಟ್ಟು ಗ್ರೈಂಡರಿಗೆ ಕೊಡಬೇಡಿ. ಈ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ. ಕಿತ್ತಳೆ ಗಿಡಗಳಿಗೆ ಕಸಿ ಕಟ್ಟಲು ಬಳಸುತ್ತಿದ್ದ ಒಳ್ಳೆಯ ಚಾಕುವೊಂದನ್ನು ಸಂತೆಯಲ್ಲಿ ಸಾಣೆ ಹಿಡಿಯುವವರೊಬ್ಬರ ಕೈಗೆ ಕೊಟ್ಟು ಕಾಫಿ ಕುಡಿಯಲು ಹೋದೆ. ಮರಳಿ ಬರುವಷ್ಟರಲ್ಲಿ ಅಲಗು ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಮೊನೆಯಿಂದ ಒಂದು ಅಂಗುಲದವರೆಗೆ ಬಾಯಿಯ, ಅಂದರೆ ಕೊಯ್ಯುವ ಬದಿಯ, ಅಂಚಿನಲ್ಲಿ ನವಿಲುಗರಿಯಂಥ ನೀಲಿ ಬಣ್ಣ ಓಡಿತ್ತು. ಹದಗೊಳಿಸಿದ ಇಂತಹ ಉಕ್ಕಿಗೆ ಕೊನೆಯಲ್ಲಿ ಕೊಡುವ ಕಾವು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ, ನೀಲಿ ಬಣ್ಣ ಕಾಣಿಸುವುದು 300 ಡಿಗ್ರಿಯ ಹತ್ತಿರ. ಅಂದರೆ, ನೀಲಿ ಕಂಡಿತೆಂದರೆ ಅಷ್ಟು ಭಾಗದ ಹದ ಹೋಯಿತೆಂದೇ ಅರ್ಥ. ಅನಂತರ ಆ ಚಾಕುವನ್ನು ಎಷ್ಟು ಮಸೆದರೂ ನಾಲ್ಕು ಕಡ್ಡಿ ಕತ್ತರಿಸುವಷ್ಟರಲ್ಲಿ ಮೊಂಡಾಗುತ್ತಿತ್ತು. ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಕುಲುಮೆಯಲ್ಲಿ ಬಡಿದು ಮಾಡಿದ ದಪ್ಪ ತೋಟದ ಕತ್ತಿ ಗ್ರೈಂಡರಿನ ಕಾವನ್ನು ಒಂದಿಷ್ಟಾದರೂ ತಡೆದುಕೊಳ್ಳುತ್ತದೆ. ಎರಡು ಮಿಲಿಮೀಟರ್ ದಪ್ಪದ ಜೇಬಿನ ಚಾಕು ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನೀವು ವರ್ಣಿಸಿದ ಚಾಕುವನ್ನು ದಿನಬಳಕೆಗೆ ತರಬಹುದು, ತರುವುದು ಒಳ್ಳೆಯದು ಕೂಡ. ಬೀರುವಿನಲ್ಲಿ ಮಡಚಿಟ್ಟ ಚಾಕುವಿನ ಕೀಲಿನಲ್ಲಿ ಕುಳಿತ ತೇವ ಯಾರ ಕಣ್ಣಿಗೂ ಬೀಳುವುದಿಲ್ಲ. ದಿನವೂ ಬಳಸಿ ಒರೆಸುವ ಚಾಕುವಿನಲ್ಲಿ ಅದು ಉಳಿಯುವುದಿಲ್ಲ. ಆದರೆ ಅದಕ್ಕೂ ಮೊದಲು ನಿಮ್ಮ ಕೈಯಲ್ಲಿರುವುದು ಯಾವ ಬಗೆಯ ಉಕ್ಕು ಎಂಬುದನ್ನು ತಿಳಿದುಕೊಳ್ಳಬೇಕು. ಇಂಗ್ಲೆಂಡಿನ ಶೆಫೀಲ್ಡ್ ಚಾಕು, ಚಮಚ, ಕತ್ತರಿಗಳಿಗೆ ಶತಮಾನಗಳಿಂದ ಹೆಸರಾದ ಊರು. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕನ್ನು 1913ರಲ್ಲಿ ಹ್ಯಾರಿ ಬ್ರಿಯರ್ಲಿ ಅವರು ತಯಾರಿಸಿದ್ದೂ ಅದೇ ಊರಿನಲ್ಲಿ. ಆದ್ದರಿಂದ ಊರಿನ ಹೆಸರೊಂದರಿಂದಲೇ ನಿಮ್ಮ ಅಲಗು ಸಾದಾ ಕಾರ್ಬನ್ ಉಕ್ಕೋ ಸ್ಟೇನ್‌ಲೆಸ್ಸೋ ಎಂದು ಹೇಳಲಾಗದು. ಪರೀಕ್ಷೆ ಸುಲಭ: ಅಲಗಿನ ಒಂದು ಮೂಲೆಯನ್ನು ಒರೆಸಿ, ನಿಂಬೆಹಣ್ಣಿನ ಹೋಳೊಂದನ್ನು ಹತ್ತು ನಿಮಿಷ ಅದಕ್ಕೆ ತಾಗಿಸಿಡಿ. ಬೂದು ಕಲೆ ಬಿದ್ದರೆ ಕಾರ್ಬನ್ ಉಕ್ಕು. ನಿಮ್ಮ ಚಾಕು ಈಗಾಗಲೇ ಕಪ್ಪಾಗಿರುವುದನ್ನು ನೋಡಿದರೆ ಅದೇ ಇರಬೇಕೆಂದು ನನ್ನ ಅಂದಾಜು.

ಕಪ್ಪಾಗಿರುವುದು ಚಾಕುವಿಗೆ ಬಂದ ರೋಗವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಕೆಂಪು ತುಕ್ಕು ಉಕ್ಕನ್ನು ತಿನ್ನುತ್ತದೆ, ಪುಡಿಪುಡಿಯಾಗಿ ಉದುರುತ್ತದೆ, ಉದುರಿದ ಜಾಗದಲ್ಲಿ ಮತ್ತೆ ಹಿಡಿಯುತ್ತದೆ. ಹಣ್ಣಿನ ಹುಳಿ, ಬಾಳೆಯ ಒಗರು, ಈರುಳ್ಳಿಯ ರಸ ತಾಗಿ ತಾಗಿ ಬರುವ ಬೂದು-ಕಪ್ಪು ಪದರ ಹಾಗಲ್ಲ. ಅದು ಉಕ್ಕಿಗೆ ಅಂಟಿಕೊಂಡು ನಿಂತು, ಕೆಂಪು ತುಕ್ಕು ಹಿಡಿಯುವುದನ್ನು ತಕ್ಕಮಟ್ಟಿಗೆ ನಿಧಾನಿಸುತ್ತದೆ. ನಮ್ಮ ಕಡೆಯ ಕಾಚಂಪುಳಿ ಈ ಕೆಲಸಕ್ಕೆ ಅಪ್ಪಟ ವಸ್ತು. ಹಂದಿ ಸಾರಿಗೆ ಹಾಕುವ ಆ ಕಪ್ಪು ಹುಳಿಯನ್ನು ಹೊಸದಾಗಿ ಮಸೆದ ಕಾರ್ಬನ್ ಅಲಗಿಗೆ ತೆಳ್ಳಗೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ನೀರಿನಲ್ಲಿ ತೊಳೆದು ಚೆನ್ನಾಗಿ ಒರೆಸಿದರೆ ಅಲಗು ಮಳೆಮೋಡದ ಬಣ್ಣಕ್ಕೆ ತಿರುಗುತ್ತದೆ. ಇದನ್ನು ನಾನು ನನ್ನದೇ ಚಾಕುಗಳ ಮೇಲೆ ಮಾಡಿ ನೋಡಿದ್ದೇನೆ. ರಾತ್ರಿಯಿಡೀ ಮಾತ್ರ ಬಿಡಬಾರದು, ಹುಳಿ ಉಕ್ಕಿನಲ್ಲಿ ಗುಳಿ ತೋಡುತ್ತದೆ.

ಈಗ ತೆರೆಯುವ ವಿಚಾರ. ಬಿಗಿಯಾದ ಹಳೆಯ ಚಾಕುವನ್ನು ಉಗುರಿನಿಂದ ಎಳೆದು ತೆರೆಯಲು ಹೋದರೆ ಉಗುರು ಸೀಳುತ್ತದೆ. ಇಕ್ಕಳ ಹಾಕಿದರೆ ಅಲಗು ತುಂಡಾಗುತ್ತದೆ. ಬಿಗಿಗೆ ಕಾರಣ ಸಾಮಾನ್ಯವಾಗಿ ಸ್ಪ್ರಿಂಗಿನ ಬಲವಲ್ಲ, ಕೀಲಿನೊಳಗೆ ಹೆಪ್ಪುಗಟ್ಟಿದ ಹಳೆಯ ಎಣ್ಣೆ, ಜೇಬಿನ ದೂಳು, ತುಕ್ಕು ಮತ್ತು ಒಳಗಿನ ಹಿತ್ತಾಳೆ ತಗಡಿನ ಹಸಿರು ಕಿಲುಬು. ಚಾಕುವಿನ ಹೊಟ್ಟೆಯ ಸೀಳು, ಅಂದರೆ ಅಲಗು ಮಡಚಿ ಒಳಸೇರುವ ಜಾಗ, ಮೇಲೆ ಬರುವಂತೆ ಹಿಡಿದು, ಅಲಗು ಹಿಡಿಗೆ ಸೇರುವ ಕೀಲಿನ ಜಾಗಕ್ಕೆ ಹೊಲಿಗೆ ಯಂತ್ರದ ಎಣ್ಣೆಯನ್ನೋ ತುಕ್ಕು ಬಿಡಿಸುವ ಸ್ಪ್ರೇಯನ್ನೋ ಎರಡೇ ಹನಿ ಬಿಟ್ಟು, ಒಂದು ದಿನ ಹಾಗೆಯೇ ಇಡಿ. ಮರುದಿನ ದಪ್ಪ ಬಟ್ಟೆಯ ತುಂಡಿನಿಂದ ಅಲಗಿನ ಬೆನ್ನನ್ನು ಹಿಡಿದು ಕಾಲು ಭಾಗ ತೆರೆಯಿರಿ, ಮುಚ್ಚಿರಿ. ಮತ್ತೆ ಒಂದು ಹನಿ. ಮತ್ತೆ ಕಾಲು ಭಾಗ. ಕೀಲಿನಿಂದ ಕಾಫಿ ಗಸಿಯಂಥ ಕಪ್ಪು ನೀರು ಇಳಿಯಲು ಶುರುವಾದರೆ ಕೆಲಸ ಸರಿದಾರಿಯಲ್ಲಿದೆ ಎಂದುಕೊಳ್ಳಿ. ಪೂರ್ತಿ ತೆರೆದ ಮೇಲೆ, ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಸೋಪಿನ ಬಿಸಿನೀರು ಹಚ್ಚಿ ಕೀಲನ್ನೂ ಹೊಟ್ಟೆಯ ಒಳಭಾಗವನ್ನೂ ಉಜ್ಜಿ, ಬಟ್ಟೆಯಿಂದ ಒರೆಸಿ, ಅಲಗು ತೆರೆದೇ ಇಟ್ಟು ಬಿಸಿಲಿಗಲ್ಲದೆ ಗಾಳಿಗೆ ಒಣಗಿಸಿ. ಇಡೀ ಚಾಕುವನ್ನು ನೀರಿನಲ್ಲಾಗಲಿ ಸೀಮೆಎಣ್ಣೆಯಲ್ಲಾಗಲಿ ನೆನೆಹಾಕಬೇಡಿ, ಏಕೆಂದರೆ ಕೊಂಬು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ರಿವೆಟಿನ ಸುತ್ತ ಬಿರುಕು ಬಿಡುತ್ತದೆ. ಅದೇ ಕಾರಣಕ್ಕೆ ಒಲೆಯ ಮೇಲಿನ ಅಟ್ಟದಲ್ಲೂ ಇಡಬಾರದು.

ಹಿಡಿಯ ಬಗ್ಗೆ ಒಂದು ಮಾತು. ನಯವಾದ ಕಪ್ಪು ಹಿಡಿಯಾದರೆ ಎಮ್ಮೆಯ ಕೊಂಬಿರಬಹುದು, ತೊಂದರೆಯಿಲ್ಲ. ಮರದ ತೊಗಟೆಯಂತೆ ಉಬ್ಬುತಗ್ಗುಗಳಿದ್ದರೆ ಅದು ಕಡವೆಯ ಕೊಂಬಾಗಿರುವ ಸಾಧ್ಯತೆ ಇದೆ. ಆಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನೆನಪಿರಲಿ, ಅಂಥದ್ದನ್ನು ಮಾರುವ ಕೊಳ್ಳುವ ವ್ಯವಹಾರಕ್ಕೆ ಇಳಿಯಬೇಡಿ.

ಲಾಕ್ ಇಲ್ಲದಿರುವುದು ಅಪಾಯವಲ್ಲವೇ ಎಂದು ಕೇಳಿದ್ದೀರಿ. ಇಡೀ ಪತ್ರದಲ್ಲಿ ನನಗೆ ಬಹಳ ಮುಖ್ಯವೆನಿಸಿದ ಪ್ರಶ್ನೆ ಇದು. ನಿಮ್ಮ ಚಾಕುವಿನ ಬೆನ್ನಿನಲ್ಲಿ ಒಂದು ಉದ್ದನೆಯ ಉಕ್ಕಿನ ಪಟ್ಟಿಯಿದೆ, ಅದೇ ಸ್ಪ್ರಿಂಗು. ಅಲಗಿನ ಬುಡವನ್ನು ಚಪ್ಪಟೆ ಮುಖಗಳಿರುವಂತೆ ಕೊರೆದಿರುತ್ತಾರೆ. ಅಲಗು ಪೂರ್ತಿ ತೆರೆದಾಗ ಒಂದು ಚಪ್ಪಟೆ ಮುಖದ ಮೇಲೆ, ಪೂರ್ತಿ ಮುಚ್ಚಿದಾಗ ಇನ್ನೊಂದರ ಮೇಲೆ ಸ್ಪ್ರಿಂಗು ಒತ್ತಿ ಕೂರುತ್ತದೆ. ಕೆಲವು ಚಾಕುಗಳಲ್ಲಿ ಅರ್ಧ ತೆರೆದಾಗಲೂ ಒಮ್ಮೆ ನಿಲ್ಲುತ್ತದೆ. ಹೀಗೆ ಸ್ಪ್ರಿಂಗು ಅಲಗನ್ನು ಒತ್ತಿ ಹಿಡಿದಿರುತ್ತದೆಯೇ ಹೊರತು ಬಂಧಿಸುವುದಿಲ್ಲ. ಬೆನ್ನಿನ ಮೇಲೆ ಸಾಕಷ್ಟು ಬಲ ಬಿದ್ದರೆ ಅಲಗು ನಿಮ್ಮ ಬೆರಳುಗಳ ಮೇಲೆಯೇ ಮಡಚಿಕೊಳ್ಳುತ್ತದೆ. ಆದ್ದರಿಂದ ಇಂಥ ಚಾಕುವಿನಲ್ಲಿ ಮಾಡಬಾರದ ಕೆಲಸಗಳೆಂದರೆ ಬೆನ್ನಿನ ಕಡೆಗೆ ಬಲ ಬೀಳುವ ಕೆಲಸಗಳೆಲ್ಲವೂ: ಮೊನೆಯಿಂದ ಚುಚ್ಚಿ ತೂತು ಕೊರೆಯುವುದು, ಡಬ್ಬದ ಮುಚ್ಚಳ ಮೀಟುವುದು, ಸಿಕ್ಕಿಕೊಂಡ ಅಲಗನ್ನು ಕಟ್ಟಿಗೆಯಿಂದ ಹಿಂದಕ್ಕೆ ಅಲ್ಲಾಡಿಸಿ ಬಿಡಿಸುವುದು. ನಾನು ನೋಡಿದ ಬೆರಳಿನ ಗಾಯಗಳಲ್ಲಿ ಹೆಚ್ಚಿನವು ಈ ಕೊನೆಯ ಬಗೆಯವು. ಬಾಯಿಯ ಕಡೆಗೆ ಬಲ ಬೀಳುವ ಯಾವ ಕೊಯ್ತವೂ ಅಲಗನ್ನು ಇನ್ನಷ್ಟು ತೆರೆಯುವ ದಿಕ್ಕಿನಲ್ಲೇ ಒತ್ತುತ್ತದೆ, ಹಾಗಾಗಿ ಅದರಲ್ಲಿ ಭಯವಿಲ್ಲ.

ತೆರೆಯುವಾಗ ಎಡಗೈಯಲ್ಲಿ ಹಿಡಿಯನ್ನು ಅದರ ಬೆನ್ನಿನ ಕಡೆಯಿಂದ ಹಿಡಿಯಿರಿ, ಬೆರಳುಗಳ ತುದಿ ಅಲಗಿನ ದಾರಿಗೆ ಬರಬಾರದು. ಮುಚ್ಚುವಾಗ ಹಿಡಿಯ ಎರಡು ಬದಿಗಳನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಇರಿಸಿ, ಅಲಗಿನ ಬೆನ್ನನ್ನು ಇನ್ನೊಂದು ಅಂಗೈಯಿಂದ ನಿಧಾನವಾಗಿ ತಳ್ಳಿ, ಸ್ಪ್ರಿಂಗು ತಾನಾಗಿ ಎಳೆದುಕೊಳ್ಳುವ ಕೊನೆಯ ಗಳಿಗೆಯಲ್ಲಿ ಕೈ ಸಡಿಲಿಸದಿರಿ. ‘ಟಕ್’ ಎಂದು ಜೋರಾಗಿ ಬಡಿಯಲು ಬಿಟ್ಟರೆ ಬಾಯಿ ಒಳಗಿನ ಸ್ಪ್ರಿಂಗಿಗೆ ತಾಗಿ, ಮಧ್ಯದಲ್ಲಿ ಒಂದು ಚಿಕ್ಕ ಕಚ್ಚು ಬೀಳುತ್ತದೆ. ಬೇರೆಯವರಿಗೆ ಕೊಡುವಾಗ ಮಡಚಿಯೇ ಕೊಡಿ. ಕತ್ತಿಯನ್ನು ಕೈಯಿಂದ ಕೈಗೆ ಕೊಡದೆ ಕೆಳಗಿಟ್ಟು ತೆಗೆದುಕೊಳ್ಳಲು ಹೇಳುವ ಪದ್ಧತಿ ನಮ್ಮ ಮನೆಯಲ್ಲಿತ್ತು. ಜಗಳವಾಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದರು, ಗಾಯವಾಗುತ್ತದೆ ಎಂಬುದೇ ಅದರ ನಿಜವಾದ ಕಾರಣವಿರಬೇಕು.

ಕೊಡಗಿನಲ್ಲಿ ಕತ್ತಿ ಎಂದೊಡನೆ ಕುಪ್ಯದ (ಕೊಡವರ ಉದ್ದನೆಯ ನಿಲುವಂಗಿ) ಮೇಲೆ ಕಟ್ಟಿದ ಚೇಲೆಗೆ (ಸೊಂಟಪಟ್ಟಿ) ಸಿಕ್ಕಿಸಿದ ಚಿಕ್ಕ ಪೀಚೆಕತ್ತಿ ಹಾಗೂ ಬೆನ್ನ ಹಿಂದೆ ತೊಡಂಗ್ ಎಂಬ ಲೋಹದ ಕೊಂಡಿಯಲ್ಲಿ ನಿಲ್ಲಿಸಿದ ಅಗಲ ಅಲಗಿನ ಒಡಿಕತ್ತಿಗಳ ಚಿತ್ರ ಮನಸ್ಸಿಗೆ ಬರುತ್ತದೆ. ನಿಮ್ಮ ಅಜ್ಜನ ಚಾಕು ಆ ಸಾಲಿನದಲ್ಲ. ಪೀಚೆಕತ್ತಿ ಮದುವೆ, ಹಬ್ಬ, ಮರ್ಯಾದೆಗಳ ಒಡವೆ. ತೋಟದ ಕತ್ತಿ ಕೊಂಬೆ ಕಡಿಯುವ ಆಯುಧ. ಮಡಚುವ ಚಾಕು ಇವೆರಡರ ನಡುವೆ ಉಳಿದುಹೋಗುವ ಸಣ್ಣಪುಟ್ಟ ಕೆಲಸಗಳಿಗೆ. ಹಾಗೆಂದು ಸಂಬಂಧವೇ ಇಲ್ಲವೆನ್ನಲೂ ಆಗದು. ಹಳೆಯ ಪೀಚೆಕತ್ತಿಗಳ ಒರೆಯಿಂದ ಇಳಿಬಿದ್ದ ಬೆಳ್ಳಿ ಸರಪಳಿಗಳನ್ನು ಹತ್ತಿರದಿಂದ ನೋಡಿ: ಹಲವುಗಳ ತುದಿಯಲ್ಲಿ ಚಿಕ್ಕ ಚಿಮಟ, ಕಿವಿ ಶುಚಿಮಾಡುವ ಕಡ್ಡಿ ಮೊದಲಾದವು ತೂಗುತ್ತಿರುತ್ತವೆ. ಸ್ವಿಟ್ಜರ್ಲೆಂಡಿನ ಕೆಂಪು ಚಾಕುವಿನ ಹಿಡಿಯಲ್ಲಿ ಚಿಮಟವನ್ನೂ ಹಲ್ಲುಕಡ್ಡಿಯನ್ನೂ ಕಂಡು ಬೆರಗಾಗುವವರಿಗೆ ಇದನ್ನು ತೋರಿಸಬೇಕೆಂದು ನನಗೆ ಯಾವಾಗಲೂ ಅನಿಸುತ್ತದೆ.

ಬಳಕೆಯಲ್ಲಿ ಎರಡು ಅಲಗುಗಳಿಗೆ ಎರಡು ಜಾತಿಯ ಕೆಲಸ ಹಂಚಿ, ಅದನ್ನು ಎಂದೂ ಮೀರಬೇಡಿ. ದೊಡ್ಡ ಅಲಗು ಮಣ್ಣಿಗೆ, ಸುತಲಿಗೆ, ಗೋಣಿಗೆ. ಚಿಕ್ಕದು ತಿನ್ನುವ ವಸ್ತುಗಳಿಗೆ ಮತ್ತು ಹಸಿರು ಗಿಡಕ್ಕೆ. ಇದಕ್ಕೆ ಕಾರಣವನ್ನು ಜೂನ್, ಜುಲೈ ತಿಂಗಳಲ್ಲಿ ನೀವೇ ಕಾಣುವಿರಿ. ಕಾಫಿ ಸಸಿಯನ್ನು ಪಾಲಿಥಿನ್ ಚೀಲದಿಂದ ಗುಂಡಿಗೆ ಇಳಿಸುವ ಮುನ್ನ ಚೀಲದ ತಳವನ್ನು ಒಂದು ಅಂಗುಲದಷ್ಟು ಅಡ್ಡಲಾಗಿ ಕೊಯ್ದು ತೆಗೆಯಬೇಕು, ತಳದಲ್ಲಿ ಸುರುಳಿ ಸುತ್ತಿಕೊಂಡ ತಾಯಿಬೇರಿನ ತುದಿಯೂ ಅದರೊಂದಿಗೆ ಹೋಗಬೇಕು. ಇಲ್ಲದಿದ್ದರೆ ಬೇರು ನೆಲಕ್ಕೆ ನೇರವಾಗಿ ಇಳಿಯದೆ ಸುತ್ತಿಕೊಂಡೇ ಉಳಿಯುತ್ತದೆ. ಆಮೇಲೆ ಚೀಲದ ಪಕ್ಕವನ್ನು ಮೇಲಿಂದ ಕೆಳಕ್ಕೆ ಒಂದೇ ಗೆರೆಯಲ್ಲಿ ಸೀಳಿ, ಮಣ್ಣಿನ ಮುದ್ದೆ ಒಡೆಯದಂತೆ ಬಿಡಿಸಬೇಕು. ಕೋಲು ಕಡಿಯುವ ಕತ್ತಿಯಿಂದ ಈ ಕೆಲಸ ಮಾಡುವವರನ್ನು ನೋಡಿದ್ದೇನೆ, ಮುದ್ದೆ ಒಡೆಯದಿದ್ದರೆ ಅದೃಷ್ಟ. ಇಲ್ಲಿ ಬೇಕಾದದ್ದು ಆರೇಳು ಸೆಂಟಿಮೀಟರಿನ ತೆಳ್ಳನೆಯ ಅಲಗು. ಆದರೆ ಚೀಲದ ಮಣ್ಣಿನಲ್ಲಿ ಮರಳಿರುತ್ತದೆ. ಐವತ್ತು ಸಸಿ ಮುಗಿಯುವಷ್ಟರಲ್ಲಿ ಬಾಯಿ ಮೊಂಡಾಗುತ್ತದೆ. ಅದೇ ಅಲಗಿನಿಂದ ಸಂಜೆ ಕಿತ್ತಳೆ ಸುಲಿಯಲು ಹೋದರೆ ಚಾಕುವಿನ ಮೇಲೆ ಬೇಸರ ಬರುವುದು ಸಹಜ.

ಉಳಿದ ಕೆಲಸಗಳು ನಿಮಗೇ ತಿಳಿಯುತ್ತವೆ. ಮೆಣಸಿನ ಬಳ್ಳಿಯನ್ನು ಸಿಲ್ವರ್ ಓಕ್ ಮರಕ್ಕೆ ಕಟ್ಟುವ ದಾರ ಕತ್ತರಿಸುವುದು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಪೈಪಿನ ತುದಿ ಸಮ ಮಾಡುವುದು, ಬಾಳೆ ಎಲೆಯ ದಂಟು ತೆಗೆಯುವುದು. ಕೀಟನಾಶಕದ ಪೊಟ್ಟಣಗಳಿಗೆ ಮಾತ್ರ ಎರಡೂ ಅಲಗು ಬೇಡ, ಸ್ಟೋರಿನಲ್ಲಿ ಅದಕ್ಕೆಂದೇ ಒಂದು ಹಳೆಯ ಕತ್ತರಿ ನೇತುಹಾಕಿ. ಕಸಿಗೂ ಇದು ತಕ್ಕ ಚಾಕುವಲ್ಲ. ಕಸಿ ಚಾಕುವಿಗೆ ಒಂದೇ ಬದಿಯಲ್ಲಿ ಮಸೆದ ಬಾಯಿ ಇರಬೇಕು, ಆಗಲೇ ಕೊಯ್ದ ಮುಖ ಸಪಾಟಾಗಿ ಬರುತ್ತದೆ. ಮೆಣಸು ಕೊಯ್ಯುವ ಏಣಿ ಹತ್ತುವಾಗ ಚಾಕು ಮಡಚಿ ಜೇಬಿನಲ್ಲಿರಲಿ, ಬಾಯಲ್ಲಿ ಕಚ್ಚಿಕೊಂಡು ಹತ್ತುವ ಚಾಳಿ ಬೇಡ.

ಒಯ್ಯುವ ಜೇಬು ಯಾವುದೆಂಬುದು ಸಣ್ಣ ವಿಷಯವೆನಿಸಿದರೂ ಸಣ್ಣದಲ್ಲ. ಬೀಗದ ಕೈ, ಚಿಲ್ಲರೆ, ಫೋನು ಇರುವ ಜೇಬಿನಲ್ಲಿ ಚಾಕು ಇರಬಾರದು. ಹಿಡಿಯ ತುದಿಯಲ್ಲಿ ಬಳೆ ಇದ್ದರೆ ಗೇಣುದ್ದದ ಕೆಂಪು ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ಬೆಲ್ಟಿನ ಪಟ್ಟಿಗೆ ಸಿಕ್ಕಿಸಿ. ಕಪ್ಪು ಅಲಗು, ಕಂದು ಹಿಡಿಯ ಚಾಕು ಕಾಫಿ ಗಿಡದ ಬುಡದ ತರಗಿನ ಮೇಲೆ ಬಿದ್ದರೆ ಮತ್ತೆ ಸಿಗುವುದಿಲ್ಲ. ನನ್ನದೊಂದು ಹಾಗೆ ಬಿದ್ದು ಎರಡು ವರ್ಷದ ನಂತರ ಗುಂಡಿ ತೆಗೆಯುವಾಗ ಸಿಕ್ಕಿತು, ಹಿಡಿ ಮಾತ್ರ.

ಮಳೆಗಾಲದ ಮಾತಿಗೆ ಬರೋಣ. ಭಾಗಮಂಡಲದ ಕಡೆ ವರ್ಷಕ್ಕೆ 5000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದುಂಟು. ನಿಮ್ಮ ಕಡೆ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಬರುವ ಜಿಲ್ಲೆ ಇದು. ಈ ನಾಲ್ಕು ತಿಂಗಳು ಕಾರ್ಬನ್ ಚಾಕು ಒದ್ದೆ ಜೇಬಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಇದ್ದರೆ ರಾತ್ರಿಯೊಳಗೆ ಕೆಂಪು ಚುಕ್ಕೆ ಕಾಣುತ್ತದೆ. ಮನೆಗೆ ಬಂದೊಡನೆ ಎರಡೂ ಅಲಗುಗಳನ್ನು ತೆರೆದು, ಒಣಬಟ್ಟೆಯಿಂದ ಒರೆಸಿ, ಒಂದು ಗಂಟೆ ತೆರೆದೇ ಇಟ್ಟು, ಆಮೇಲೆ ಎಣ್ಣೆಯ ಬೆರಳು ಸವರಿ ಮಡಚುವುದು ಕಾಲು ತೊಳೆಯುವಷ್ಟೇ ಸಹಜವಾದ ಅಭ್ಯಾಸವಾಗಬೇಕು. ಚರ್ಮದ ಚೀಲದಲ್ಲಿ ರಾತ್ರಿ ಕಳೆಯಲು ಬಿಡಬೇಡಿ, ಚರ್ಮ ತೇವವನ್ನು ಹೀರಿ ಉಕ್ಕಿಗೆ ಒತ್ತಿಹಿಡಿಯುತ್ತದೆ. ವಾರಗಟ್ಟಲೆ ಬಳಸದಿದ್ದರೆ, ಬಿಗಿ ಮುಚ್ಚಳದ ಡಬ್ಬದಲ್ಲಿ ಹೊಸ ಚಪ್ಪಲಿಯೊಂದಿಗೆ ಬರುವ ಸಿಲಿಕಾ ಪೊಟ್ಟಣಗಳ ಜೊತೆಗಿಡಿ.

ಯಾವ ಎಣ್ಣೆ? ಮನೆಯಲ್ಲಿರುವುದು ಕೊಬ್ಬರಿ ಎಣ್ಣೆ, ಆದರೆ ಅದು ಕೀಲಿಗೆ ಒಳ್ಳೆಯದಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಡಿಸೆಂಬರಿನ ಬೆಳಗ್ಗೆ ನಮ್ಮ ಬಾಟಲಿಗಳನ್ನು ಒಲೆಯ ಬಳಿ ಇಡುವುದು ನಿಮಗೆ ಗೊತ್ತೇ ಇದೆ. ಮೇಲಾಗಿ ಕಾಲಕ್ರಮದಲ್ಲಿ ಕಮಟಾಗಿ ಅಂಟು ಹಿಡಿಯುತ್ತದೆ. ಕೋವಿಗೆ ಹಾಕುವ ಎಣ್ಣೆ ತುಕ್ಕಿಗೆ ಒಳ್ಳೆಯದಾದರೂ ಹಣ್ಣು ಕೊಯ್ಯುವ ಅಲಗಿಗೆ ಸಲ್ಲದು. ಔಷಧಿ ಅಂಗಡಿಯಲ್ಲಿ ಸಿಗುವ, ಮಲಬದ್ಧತೆಗೆ ಕುಡಿಸುವ ಲಿಕ್ವಿಡ್ ಪ್ಯಾರಾಫಿನ್ ನನ್ನ ಆಯ್ಕೆ. ಅದಕ್ಕೆ ವಾಸನೆಯಿಲ್ಲ, ಅದು ಕಮಟುವುದಿಲ್ಲ, ಬಾಯಿಗೆ ಹೋದರೂ ಭಯವಿಲ್ಲ. ಬೇರೇನೂ ಬೆರೆಸದ ಬಾಟಲಿಯನ್ನೇ ಕೇಳಿ ತೆಗೆದುಕೊಳ್ಳಿ.

ಒಂದು ಎಚ್ಚರಿಕೆ ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಎಂಬ ಕೊಡಗಿನ ಆಯುಧಗಳ ಹಬ್ಬಕ್ಕೂ ಅದರ ಬೆನ್ನಿಗೆ ಬರುವ ಆಯುಧಪೂಜೆಗೂ ಸೇರಿದೆ. ಕೋವಿ, ಕತ್ತಿಗಳ ಜೊತೆಗೆ ನನ್ನ ಚಾಕುವನ್ನೂ ದೇವರ ಮುಂದೆ ಇಟ್ಟು, ತೋಕ್ ಪೂ ಎಂಬ ಹೂವನ್ನು ಮುಡಿಸಿ, ಅಲಗಿಗೆ ಗಂಧದ ಬೊಟ್ಟು ಇಟ್ಟಿದ್ದೆ. ಮರುದಿನ ಗಂಧವನ್ನು ಒರೆಸಿದಾಗ ಅಡಿಯಲ್ಲಿ ಬೊಟ್ಟಿನಷ್ಟೇ ಗುಂಡನೆಯ ಕಿತ್ತಳೆ ಬಣ್ಣದ ತುಕ್ಕು ಕುಳಿತಿತ್ತು. ಅದರ ಗುರುತು ಇಂದಿಗೂ ಇದೆ. ಈಗ ಬೊಟ್ಟನ್ನು ಹಿಡಿಗೆ ಇಡುತ್ತೇನೆ.

ಮಸೆಯಲು ಗ್ರೈಂಡರು ಬೇಡವೆಂದ ಮೇಲೆ ದಾರಿ ತೋರಿಸಬೇಕಷ್ಟೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಮುಖ ಒರಟು, ಇನ್ನೊಂದು ಮುಖ ನಯವಿರುವ ಕಾರ್ಬೊರಂಡಮ್ ಮಸೆಗಲ್ಲು ಸಿಗುತ್ತದೆ. ಕಲ್ಲನ್ನು ಒದ್ದೆ ಗೋಣಿಯ ಮೇಲಿಟ್ಟರೆ ಜಾರುವುದಿಲ್ಲ. ಅಲಗನ್ನು ಕಲ್ಲಿನ ಮೇಲೆ ಮಲಗಿಸಿ ಬೆನ್ನನ್ನು ಸ್ವಲ್ಪ ಎತ್ತಬೇಕು. ಸ್ವಲ್ಪ ಎಂದರೆ ಎಷ್ಟು ಎಂಬುದಕ್ಕೆ ಲೆಕ್ಕವಿದೆ. ಬೆನ್ನಿನಿಂದ ಬಾಯಿಯವರೆಗೆ ಅಲಗು 15 ಮಿಲಿಮೀಟರ್ ಅಗಲವಿದ್ದರೆ, ಬೆನ್ನು ಕಲ್ಲಿನಿಂದ 5 ಮಿಲಿಮೀಟರ್ ಎತ್ತರದಲ್ಲಿದ್ದಾಗ ಕೋನ ಸುಮಾರು 20 ಡಿಗ್ರಿಯಾಗುತ್ತದೆ, 4 ಮಿಲಿಮೀಟರಿದ್ದರೆ ಸುಮಾರು 15. ತೋಟದ ಕೆಲಸದ ದೊಡ್ಡ ಅಲಗಿಗೆ 20, ಚಿಕ್ಕದಕ್ಕೆ 15 ಸಾಕು. ಸ್ಕೆಚ್ ಪೆನ್ನಿನಿಂದ ಬಾಯಿಯ ಅಂಚಿಗೆ ಬಣ್ಣ ಬಳಿದು ನಾಲ್ಕು ಸಲ ಎಳೆಯಿರಿ. ಬಣ್ಣ ತುಟ್ಟತುದಿಯಿಂದ ಹೋದರೆ ಕೋನ ಸರಿ. ಬೆನ್ನಿನ ಕಡೆ ಮಾತ್ರ ಹೋದರೆ ಬೆನ್ನು ಎತ್ತಿದ್ದು ಸಾಲದು. ಒಂದೇ ಬದಿಯನ್ನು ಮಸೆಯುತ್ತ ಹೋದಂತೆ ಇನ್ನೊಂದು ಬದಿಯಲ್ಲಿ, ಬೆರಳ ತುದಿಯನ್ನು ಬೆನ್ನಿನಿಂದ ಬಾಯಿಯಾಚೆಗೆ ಹಗುರವಾಗಿ ಜಾರಿಸಿದಾಗ, ಒರಟಾದ ಸಿಬಿರು, ಅಂದರೆ ಆಚೆಗೆ ಮಡಚಿಕೊಂಡ ಉಕ್ಕಿನ ತೆಳು ಅಂಚು, ತಾಗುತ್ತದೆ. ಮೊನೆಯಿಂದ ಬುಡದವರೆಗೆ ಸಿಬಿರು ಸಿಕ್ಕಿದ ಮೇಲೆಯೇ ಬದಿ ಬದಲಿಸಬೇಕು. ಮಸೆದರೂ ಹರಿತವಾಗಲಿಲ್ಲ ಎಂದು ದೂರುವವರಲ್ಲಿ ಹತ್ತಕ್ಕೆ ಎಂಟು ಮಂದಿ ಸಿಬಿರು ಬರುವ ಮುನ್ನವೇ ಬದಿ ಬದಲಿಸಿರುತ್ತಾರೆ ಎಂಬುದು ನನ್ನ ಅನುಭವ. ನಯವಾದ ಮುಖದ ಮೇಲೆ ಎರಡೂ ಕಡೆ ಹಗುರವಾಗಿ ಎಳೆದು ಸಿಬಿರನ್ನು ತೆಳ್ಳಗಾಗಿಸಿ, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದಾಗಿ ಹತ್ತಿಪ್ಪತ್ತು ಸಲ ಎಳೆದರೆ ಸಾಕು, ಪತ್ರಿಕೆಯ ಹಾಳೆಯನ್ನು ಅದರ ಅಂಚಿನಿಂದ ಸದ್ದಿಲ್ಲದೆ ಸೀಳುವ ಬಾಯಿ ಬರುತ್ತದೆ.

ಲೈಸೆನ್ಸಿನ ವಿಷಯ ನೀವು ಅಂದುಕೊಂಡಷ್ಟು ಜಟಿಲವಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಹರಿತ ಆಯುಧಗಳ ಸಾಲಿಗೆ ಸೇರಿಸುವ ಚಾಕುಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳವು. ಮನೆಬಳಕೆ, ಬೇಸಾಯ ಮೊದಲಾದ ಕೆಲಸಗಳಿಗೆಂದೇ ಮಾಡಿದವುಗಳನ್ನು ಅದರಿಂದಲೂ ಹೊರಗಿಟ್ಟಿದ್ದಾರೆ. ನಿಮ್ಮ ಚಾಕುವಿನ ಅಲಗು ಇದರ ಮೂರನೆಯ ಒಂದು ಪಾಲೂ ಇರಲಾರದು. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಇರುವ, 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದ ವಿನಾಯಿತಿ ಕೋವಿಗೆ ಸಂಬಂಧಿಸಿದ್ದು, ಅದನ್ನು ಇಲ್ಲಿಗೆ ಎಳೆದು ತರುವ ಅಗತ್ಯವಿಲ್ಲ. ಆದರೆ ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಎಲ್ಲೆಡೆಗೂ ಒಯ್ಯಬಹುದೆಂದಲ್ಲ. ವಿಮಾನದಲ್ಲಿ ಕೈಚೀಲದಲ್ಲಿ ಚಾಕು ಇರುವಂತಿಲ್ಲ, ಕೆಳಗೆ ಕಳುಹಿಸುವ ಪೆಟ್ಟಿಗೆಯಲ್ಲಿ ಹಾಕಬೇಕು; ನ್ಯಾಯಾಲಯ, ಮೆಟ್ರೊ ಮುಂತಾದ ತಪಾಸಣೆಯ ಜಾಗಗಳಿಗೆ ಹೋಗುವ ದಿನ ಮನೆಯಲ್ಲೇ ಬಿಡುವುದು ಲೇಸು; ನಿಷೇಧಾಜ್ಞೆ ಜಾರಿಯಲ್ಲಿರುವಾಗ ಸಾರ್ವಜನಿಕ ಜಾಗದಲ್ಲಿ ಚಾಕು ಒಯ್ಯುವುದನ್ನೂ ನಿರ್ಬಂಧಿಸುವ ಅಧಿಕಾರ ಆಡಳಿತಕ್ಕಿದೆ. ಗುಂಡಿ ಒತ್ತಿದರೆ ಚಿಮ್ಮಿ ತೆರೆಯುವ ಚಾಕುಗಳ ಗೊಡವೆಗೇ ಹೋಗಬೇಡಿ. ಎರಡೂ ಕೈ ಬಳಸಿ ಉಗುರಿನಿಂದ ನಿಧಾನವಾಗಿ ತೆರೆಯಬೇಕಾದ ಅಜ್ಜನ ಚಾಕುವನ್ನು ಬ್ಯಾಂಕಿನ ಸಾಲಿನಲ್ಲಿ ನಿಂತು ಲಕೋಟೆ ಬಿಡಿಸಲು ತೆಗೆದರೂ ಯಾರೂ ಬೆಚ್ಚುವುದಿಲ್ಲ. ಅದರ ಒಂದು ದೊಡ್ಡ ಗುಣ ಇದೇ ಎಂದು ನಾನು ಭಾವಿಸಿದ್ದೇನೆ.

ಸುರಿಯುವ ಜುಲೈ ತಿಂಗಳಿಗೆ ಮಾತ್ರ ಬೇರೊಂದು ಚಾಕು ಇಟ್ಟುಕೊಳ್ಳುವುದಾದರೆ ಸ್ಟೇನ್‌ಲೆಸ್ ಕೊಳ್ಳಿ. 1891ರಿಂದ ಸ್ವಿಸ್ ಸೇನೆಗೆ ಚಾಕು ಒದಗಿಸಿದ ಕಾರ್ಲ್ ಎಲ್ಸೆನರ್ ಅವರ ಕಾರ್ಖಾನೆಯೇ ಇಂದಿನ ವಿಕ್ಟೊರಿನಾಕ್ಸ್. ಅದರ 91 ಮಿಲಿಮೀಟರಿನ ಸಾದಾ ಮಾದರಿಗಳೂ ನಿಮ್ಮ ಚಾಕುವಿನಂತೆಯೇ ಲಾಕ್ ಇಲ್ಲದೆ ಸ್ಪ್ರಿಂಗಿನ ಬಲದಲ್ಲಿ ನಿಲ್ಲುವಂಥವು, ಆದ್ದರಿಂದ ಕೈಯ ಅಭ್ಯಾಸ ಬದಲಾಗುವುದಿಲ್ಲ. ಮರದ ಹಿಡಿಯ ಫ್ರೆಂಚ್ ಒಪಿನೆಲ್ ನನಗೆ ಬಹಳ ಇಷ್ಟ, ತೆಳ್ಳನೆಯ ಅದರ ಅಲಗು ತರಕಾರಿಗೆ ಹೇಳಿಮಾಡಿಸಿದಂತಿದೆ. ಆದರೆ ನಮ್ಮ ಮಳೆಯಲ್ಲಿ ಅದರ ಮರ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ, ಹಿಡಿಯ ಹಿಂತುದಿಯನ್ನು ಕಲ್ಲಿಗೋ ಮೇಜಿಗೋ ಕುಟ್ಟಿ ಅಲಗನ್ನು ಹೊರಗೆ ತರಬೇಕಾಗುತ್ತದೆ. ಬೇಸಿಗೆಯ ಚಾಕು ಅದು.

ಶುಚಿಮಾಡಿದ ಮೇಲೆ ಅಲಗು ಅಕ್ಕಪಕ್ಕಕ್ಕೆ ಅಲ್ಲಾಡುವುದು ಕಂಡುಬಂದರೆ ಗಾಬರಿಯಾಗಬೇಡಿ. ಬಿಗಿಯಾಗಿ ಹಿಡಿದಿದ್ದ ತುಕ್ಕು ಹೋದಾಗ ಸವೆದ ಕೀಲು ಕಾಣಿಸಿಕೊಳ್ಳುವುದು ಸಾಮಾನ್ಯ. ಕೂದಲೆಳೆಯಷ್ಟು ಅಲುಗಾಟವಿದ್ದರೆ ಹಾಗೆಯೇ ಬಳಸಿ. ಅದಕ್ಕಿಂತ ಹೆಚ್ಚಿದ್ದರೆ ರಿವೆಟನ್ನು ಚಿಕ್ಕ ಸುತ್ತಿಗೆಯಿಂದ ನವಿರಾಗಿ ಬಡಿದು ಬಿಗಿಗೊಳಿಸಬೇಕಾಗುತ್ತದೆ, ಅದನ್ನು ಕೋವಿ ರಿಪೇರಿ ಮಾಡುವವರೋ ಗಡಿಯಾರದಂಥ ಸೂಕ್ಷ್ಮ ಕೆಲಸ ಬಲ್ಲವರೋ ಮಾಡಲಿ. ಒಂದು ಪೆಟ್ಟು ಹೆಚ್ಚಾದರೆ ಕೊಂಬು ಸೀಳುತ್ತದೆ.

ಕೆಂಪು ತುಕ್ಕನ್ನು ಮಾತ್ರ ಎಣ್ಣೆ ಹಚ್ಚಿದ ಅತಿ ನಯವಾದ ಸ್ಟೀಲ್ ವುಲ್‌ನಿಂದ, ಅಲಗಿನ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ತಿಕ್ಕಿ ತೆಗೆಯಿರಿ. ಕಪ್ಪನ್ನು ಹಾಗೆಯೇ ಬಿಡಿ. ಬುಡದ ಅಕ್ಷರಗಳ ಮೇಲೆ ಸ್ಟೀಲ್ ವುಲ್ ಅನ್ನೂ ಆಡಿಸಬೇಡಿ. ಅಲ್ಲಿಗೆ ಎಣ್ಣೆ ಸವರಿ ಎರಡು ದಿನ ಬಿಟ್ಟು, ಬಿದಿರಿನ ಕಡ್ಡಿಯ ತುದಿಯಿಂದ ಒಂದೊಂದೇ ಅಕ್ಷರದ ಗೀರಿನಿಂದ ಕೊಳೆ ಎತ್ತಿರಿ. ಊರಿನ ಹೆಸರಿನ ಮೇಲ್ಗಡೆ ಸಾಮಾನ್ಯವಾಗಿ ತಯಾರಿಸಿದವರ ಹೆಸರೋ ಗುರುತೋ ಇರುತ್ತದೆ. ಅದು ಓದಲು ಬಂದರೆ ಓರೆ ಬೆಳಕಿನಲ್ಲಿ ಒಂದು ಫೋಟೊ ತೆಗೆದು ಕಳುಹಿಸಿ, ಚಾಕು ಯಾವ ಕಾಲದ್ದೆಂದು ಹೇಳಲು ಪ್ರಯತ್ನಿಸುತ್ತೇನೆ.